ನೂರನಲವತ್ತಕ್ಕಿಂತ ಕೆಳಗಿಳಿಯದಂತೆ

“ನನ್ನ ಗಂಡನನ್ನ ಇವಳ ಕೈಗೆ ಕೊಡಲ್ಲ! ಬೇರೆ ಯಾರನ್ನಾದ್ರೂ ಕರೀರಿ!”

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಪರಾಸ್ಕಾ ಕೂಗಿದಾಗ ಸೊಸೆ ಮೆರಿಯಲ್ ತಲೆ ತಗ್ಗಿಸಿದಳು. ಹನ್ನೊಂದು ವರ್ಷಗಳಿಂದ ಅತ್ತೆಯ ಮಾತು ಕೇಳಿ ಅವಳಿಗೆ ಅಭ್ಯಾಸವಾಗಿತ್ತು. ಆದರೆ ಇಂದು ತಳ್ಳುಗಾಡಿಯ ಮೇಲೆ ಮಲಗಿದ್ದವರು ಮಾವ ಒಸ್ತಾಪ್... ಸಸ್ಕಟೂನ್ ಊರಿನ ತಮ್ಮ ಚರ್ಚಿನಲ್ಲಿ ನಲವತ್ತು ವರ್ಷ ಪುಸ್ತಕ ತೆರೆಯದೆ ಕೀರ್ತನೆ ಹಾಡಿದವರು! ಈಗ ಬಾಯಿ ಸೊಟ್ಟಗಾಗಿ, ಬಲಗೈ ಜೋತುಬಿದ್ದು, ಆ ಕಂಠದಲ್ಲಿ “ಆ... ಆ...” ಎಂಬುದಷ್ಟೇ ಉಳಿದಿತ್ತು. ಮಿದುಳಿನ ಎಡಭಾಗದ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು. ತೊಡೆಯಿಂದ ನಳಿಕೆ ತೂರಿಸಿ ಅದನ್ನು ಎಳೆದು ತೆಗೆಯುವವರೆಗೆ ಅವರನ್ನು ಅರಿವಳಿಕೆಯಲ್ಲಿ ಕಾಯಬೇಕಾದ ವೈದ್ಯೆ ಮೆರಿಯಲ್. ಮನೆಯವರಿಗೆ ತಾನೇ ಚಿಕಿತ್ಸೆ ಮಾಡಬಾರದೆಂದು ಅವಳಿಗೂ ಗೊತ್ತು. ಆದರೆ ಇನ್ನೊಬ್ಬ ವೈದ್ಯರು ಅಪಘಾತದ ಗಾಯಾಳುವಿನ ಬಳಿ ಇದ್ದರು. ಭಾನುವಾರವಾದ್ದರಿಂದ ಮತ್ತೊಬ್ಬರು ಬರಲು ನಲವತ್ತು ನಿಮಿಷ ಬೇಕು. ಅಷ್ಟರಲ್ಲಿ ಮಾವನ ಮಾತು ಶಾಶ್ವತವಾಗಿ ಹೋಗಿಬಿಟ್ಟಿರುತ್ತದೆ!

“ಜನರನ್ನ ಮಲಗ್ಸೋದೇ ಇವಳ ಕಸುಬು. ಈಸ್ಟರ್ ಊಟಕ್ಕೂ ಬರ್ದೆ ಯಾರನ್ನೋ ಮಲಗ್ಸೋಕೆ ಹೋಗಿದ್ಲು ಈ ಡಾಕ್ಟರಮ್ಮ!”

“ಅಮ್ಮಾ, ದಾರಿ ಬಿಡು!” ಮೆರಿಯಲ್‌ಳ ಗಂಡ ಬೊಹ್ದಾನ್ ತಾಯಿಯ ಭುಜ ಹಿಡಿದು ಸರಿಸಿದ.

“ಅತ್ತೆ, ಒಂದೇ ಮಾತು. ಬೆಳಿಗ್ಗೆ ಮಾವಂಗೆ ಔಷಧಿ ಏನು ಕೊಟ್ರಿ?”

“ದಿನಾ ಕೊಡೋ ಪ್ರೆಶರ್ ಮಾತ್ರೆ. ಒಂದೇ.” ಪರಾಸ್ಕಾಳ ನೋಟ ನೆಲಕ್ಕೆ ಜಾರಿತು.

ಒಳಗೆ ಮಾವ ನಿದ್ದೆಗೆ ಜಾರಿದರು. ದೊಡ್ಡ ನಾಳ ಕಟ್ಟಿಕೊಂಡಾಗ ಮಿದುಳು ಬದುಕುವುದು ಅಕ್ಕಪಕ್ಕದ ಸಣ್ಣ ನಾಳಗಳಿಂದ. ರಕ್ತದೊತ್ತಡ ಮೇಲಿದ್ದರೆ ಮಾತ್ರ ಅವುಗಳಲ್ಲಿ ರಕ್ತ ಹರಿದೀತು. ನೂರನಲವತ್ತಕ್ಕಿಂತ ಕೆಳಗೆ ಬೇಡ ಎಂದು ಅವಳು ಮನಸ್ಸಿನಲ್ಲೇ ಜಪಿಸುತ್ತಿದ್ದಳು. ಆದರೆ ಪರದೆಯ ಮೇಲೆ ನೂರಹದಿನೆಂಟು... ತೊಂಬತ್ತಾರು! ಔಷಧಿ ಕೊಟ್ಟಾಗ ಏರಿತು, ಮತ್ತೆ ಕುಸಿಯಿತು. ಬರೀ ಅರಿವಳಿಕೆಗೆ ಇಷ್ಟು ಬೀಳುವುದಿಲ್ಲ.

“ಸಿಸ್ಟರ್, ಹೊರಗೆ ಅತ್ತೇನ ಮತ್ತೊಮ್ಮೆ ಕೇಳಿ. ಬೈಯೋಕಲ್ಲ, ಮಾವನ ಹಾಡು ಉಳೀಲಿ ಅಂತ ಕೇಳ್ತಿದೀನಿ ಅನ್ನಿ.”

ನರ್ಸ್ ಓಡಿ ಹೋಗಿ, ಪರಾಸ್ಕಾಳನ್ನು ಮರೆಗೆ ಕರೆದು ಕೇಳಿ ಬಂದಳು. “ಕೈ ಬಿದ್ದುಹೋದ್ಮೇಲೆ ಪ್ರೆಶರ್ ನೂರತೊಂಬತ್ತೆಂಟು ಇತ್ತಂತೆ, ಇನ್ನೂ ಎರಡು ಮಾತ್ರೆ ನುಂಗಿಸಿದಾರೆ, ಡಾಕ್ಟರ್.”

ಮೆರಿಯಲ್‌ಗೆ ಅತ್ತೆಯ ಅಡುಗೆಮನೆಯ ಚರ್ಚ್ ಕ್ಯಾಲೆಂಡರ್ ನೆನಪಾಯಿತು. ದಿನದಿನದ ಸಂತರ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗಂಡನ ಒತ್ತಡ. ಅಂಕಿ ಇಳಿದ ದಿನ ಪಕ್ಕದಲ್ಲೊಂದು ಪುಟ್ಟ ಶಿಲುಬೆ. ಇಳಿಯುವುದೆಂದರೆ ದೇವರ ಕೃಪೆ! ಇಂದು ನೂರತೊಂಬತ್ತೆಂಟು ಕಂಡು ಆ ಮುದುಕಿ ಕೃಪೆಯನ್ನೇ ಕೈಯಾರೆ ಇಳಿಸಹೊರಟಿದ್ದಳು... ಆ ಹೊತ್ತಿನಲ್ಲಿ ಏರಿದ ರಕ್ತದೊತ್ತಡವೇ ಅವರ ಮಿದುಳನ್ನು ಹಿಡಿದು ನಿಲ್ಲಿಸಿತ್ತು.

ಮೆರಿಯಲ್ ಔಷಧಿ ಬದಲಿಸಿದಳು. ನೂರಹತ್ತು... ನೂರಮೂವತ್ತು... ನೂರನಲವತ್ತನಾಲ್ಕು. ನಿಂತಿತು. ಹದಿನೈದು ನಿಮಿಷಗಳ ನಂತರ ಹೆಪ್ಪು ಹೊರಬಂತು.

“ನಡುವೆ ಪ್ರೆಶರ್ ಬಿತ್ತಂತೆ? ಯಾಕೆ?” ಅವಳು ಹೊರಬರುತ್ತಲೇ ಬೊಹ್ದಾನ್ ಕೇಳಿದ.

ಅತ್ತೆಯ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಮೆರಿಯಲ್ ಹೇಳಿದಳು, “ಅರಿವಳಿಕೆ ಕೊಟ್ರೆ ಬೀಳುತ್ತೆ. ನನ್ನ ಔಷಧಿಯಿಂದ್ಲೇ.”

“ನೋಡ್ಕೊಂಡು ಕೊಡ್ಬಾರ್ದಿತ್ತಾ!”

ಪರಾಸ್ಕಾ ಗೋಡೆ ಹಿಡಿದು ಎದ್ದಳು.

“ಅವಳನ್ನ ಬೈಬೇಡ ಕಣೋ! ಮಾತ್ರೆ ಕೊಟ್ಟೋಳು ನಾನು... ಕೇಳ್ದಾಗ ಸುಳ್ಳು ಹೇಳ್ದೋಳೂ ನಾನೇ...” ಎನ್ನುತ್ತಾ ಸೊಸೆಯ ಎದೆಗೆ ತಲೆಯಿಟ್ಟು ಬಿಕ್ಕಿದಳು.

ಬುಧವಾರ ಒಸ್ತಾಪ್ ಹೆಂಡತಿಯ ಮುಖ ನೋಡಿದರು, ಹೆಸರು ಬರಲಿಲ್ಲ. ಹೋದದ್ದೆಲ್ಲ ತಿರುಗಿ ಬರುವುದಿಲ್ಲವೆಂದು ಮೆರಿಯಲ್‌ಗೆ ಗೊತ್ತಿತ್ತು. ಪರಾಸ್ಕಾ ಹಾಸಿಗೆಯಂಚಿನಲ್ಲಿ ಕುಳಿತು, ಒಡಕು ದನಿಯಲ್ಲಿ ಕೀರ್ತನೆ ಎತ್ತಿಕೊಂಡಳು. ಎರಡನೆಯ ಸಾಲಿಗೆ ಆ ಹಳೆಯ ಕಂಠ ಸೇರಿತು... ಮೂರನೆಯದಕ್ಕೆ ನಿಂತುಹೋಯಿತು. ಅಷ್ಟೇ. ಅಷ್ಟಕ್ಕೇ ಪರಾಸ್ಕಾ ಕಣ್ಣೊತ್ತಿಕೊಂಡಳು.

ಮನೆಗೆ ಹೋದಾಗ ಅತ್ತೆ ಕ್ಯಾಲೆಂಡರನ್ನೂ ಪೆನ್ಸಿಲನ್ನೂ ಸೊಸೆಯ ಮುಂದಿಟ್ಟಳು. ಭಾನುವಾರದ ಚೌಕ ಖಾಲಿಯಿತ್ತು. ಮೆರಿಯಲ್ ಅದರಲ್ಲಿ ನೂರನಲವತ್ತನಾಲ್ಕು ಎಂದು ಬರೆದಳು.

“ಇದು ಜಾಸ್ತಿ ಅಲ್ವೇನೇ?”

“ಅವತ್ತಿಗೆ ಅಷ್ಟು ಬೇಕಿತ್ತು, ಅಮ್ಮ.”

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಬಂದ ಆ ‘ಅಮ್ಮ’ವನ್ನು ಪರಾಸ್ಕಾ ಕೇಳಿಸಿಕೊಂಡಳು. ಪೆನ್ಸಿಲು ತೆಗೆದುಕೊಂಡು, ಆ ಅಂಕಿಯ ಪಕ್ಕದಲ್ಲಿ ಪುಟ್ಟದೊಂದು ಶಿಲುಬೆ ಬರೆದಳು.