ಕಂಪ್ಲಿ ದಾರಿಯ ನೆರಳು

ಮೊದಲ ಭೇಟಿಯಲ್ಲೇ ಅವನು ಅವಳನ್ನು ತೋಯಿಸಿಬಿಟ್ಟಿದ್ದ.

ಸಂಡೂರಿನ ಗಣಿ ರಸ್ತೆ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಕೆಂಪು ಧೂಳು ಏಳದಂತೆ ರಸ್ತೆಗೆ ನೀರು ಹಾಕುವ ಟ್ಯಾಂಕರ್, ಓಡುತ್ತಿದ್ದ ಭವ್ಯಳ ಪಕ್ಕದಲ್ಲೇ ಹಾದು, ನೆತ್ತಿಯಿಂದ ಶೂವರೆಗೆ ನೀರು ಎರಚಿತ್ತು.

"ಕಣ್ಣು ಕಾಣಂಗಿಲ್ಲೇನ್ರೀ ನಿಮಗ?"

ಟ್ಯಾಂಕರ್ ನಿಂತಿತು. ಕಿಟಕಿಯಿಂದ ಒಂದು ಮುಖ ಇಣುಕಿತು.

"ಕಾಣ್ತಾವ್ರಿ. ಆದ್ರ ಈ ರೋಡಿನ್ಯಾಗ ಲಾರಿ ಬಿಟ್ಟು ಬ್ಯಾರೆ ಏನೂ ಓಡೋದು ನೋಡಿಲ್ರಿ."

ಅವನು ದುರುಗೇಶ್. ಮರುದಿನದಿಂದ ಅವಳು ಬರುವ ಮೊದಲೇ ರಸ್ತೆ ತೋಯ್ದಿರುತ್ತಿತ್ತು. ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ದಿನವಿಡೀ ಕೆಂಪು ಪುಡಿ ತೂಗುವ ಭವ್ಯಳಿಗೆ, ಆ ಒದ್ದೆ ಮಣ್ಣಿನ ವಾಸನೆ ಸಂಜೆಯವರೆಗೂ ನೆನಪಾಗುತ್ತಿತ್ತು...

ಎಂಟು ತಿಂಗಳ ಮೇಲೆ ಅವನು ಮದುವೆಯ ಮಾತೆತ್ತಿದ.

"ಹುಟ್ಟಿದಾಗಿಂದ ನಾ ಊರು ದಾಟಿದ್ರ ಸಾಕು, ಅಣ್ಣನ ಬೈಕ್ ಹಿಂದ ಬರ್ತೈತ್ರಿ," ಎಂದಳು ಭವ್ಯ. "ಒಂದ್ ಸಲ ಒಬ್ಬಾಕೀನೇ ಕಂಪ್ಲಿ ಹೊಳಿ ತನಕ ಓಡ್ಬೇಕು. ಹಿಂದ ಬರಬ್ಯಾಡ್ರಿ. ನನಗೋಸ್ಕರ ಏನೂ ಮಾಡಬ್ಯಾಡ್ರಿ. ಸೇತುವಿ ಮ್ಯಾಲ ಕಾಯ್ರಿ, ಅಲ್ಲೇ ಹೇಳ್ತೀನಿ."

"ಏನರ ಮಾಡಿದ್ರ?"

"ನೀವೂ ಇನ್ನೊಂದು ಬೈಕ್ ಆದಂಗ. ಮದುವಿ ಮಾತು ಅಲ್ಲಿಗೆ ಮುಗೀತು."

ಜನವರಿಯ ಒಂದು ಭಾನುವಾರ ನಸುಕಿನಲ್ಲಿ ಅವಳು ಹೊರಟಳು. ಭಾನುವಾರ ಟ್ಯಾಂಕರ್‌ಗೆ ರಜೆ. ಆದರೂ ಊರು ದಾಟುವವರೆಗೆ ಕಾಲಡಿಯಲ್ಲಿ ಧೂಳು ಏಳಲಿಲ್ಲ. ಇಬ್ಬನಿ ಇರಬೇಕು ಅಂದುಕೊಂಡಳು.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬಳು ಪೊರಕೆ ಹಿಡಿದೇ ಅಡ್ಡ ನಿಂತಳು.

"ಯವ್ವಾ, ಯಾರು ಬೆನ್ನತ್ಯಾರ?"

"ಯಾರೂ ಇಲ್ಲಜ್ಜಿ."

"ಮತ್ಯಾಕ ಓಡ್ತಿ? ತಡಿ, ನೀರು ಕುಡಿ."

ತಂಬಿಗೆ ಬರಿದಾಗುವವರೆಗೆ ಅಜ್ಜಿ ಅವಳ ಬೆವೆತ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ.

ಹಂಪಿಯ ಬಂಡೆಗಳ ನಡುವೆ ಬರುವಾಗ ಕಾಲುಗಳು ತನ್ನವಲ್ಲ ಅನಿಸಿತು. ಕಲ್ಲುಮಂಟಪಗಳೇ ಸಾಲಾಗಿ ಹಿಂದಕ್ಕೆ ಓಡುತ್ತಿದ್ದವು, ಅವಳು ನಿಂತಲ್ಲೇ ತೇಲುತ್ತಿದ್ದಳು.

ಬುಕ್ಕಸಾಗರದ ತೋಟದ ಬದುವಿನಲ್ಲಿ ಬಾಳೆಗೊನೆ ಹೊತ್ತಿದ್ದ ಹೆಂಗಸು ಗೊನೆ ಇಳಿಸಿ, ಹಣ್ಣಾಗಿದ್ದ ಎರಡನ್ನು ಕಿತ್ತು ಕೊಟ್ಟಳು.

"ಸಿಪ್ಪಿ ರೋಡಿಗೆ ಒಗೀಬ್ಯಾಡ. ನಿನ್ ಹಿಂದ ಬರಾಕಿ ಜಾರಿ ಬೀಳ್ತಾಳ."

"ನನ್ನ ಹಿಂದ ಯಾರೂ ಬರಾಂಗಿಲ್ರಿ."

"ಇವತ್ತಿಲ್ಲ. ನಾಳಿ ಬರ್ತಾಳ."

ರಾಮಸಾಗರ ದಾಟುವಾಗ ಬಿಸಿಲು ಏರಿತ್ತು. ತೊಡೆಗಳು ಕಲ್ಲಾಗಿದ್ದವು. ಇನ್ನು ಆಗದು ಅನ್ನುವಾಗಲೇ... ಮೈಮೇಲೆ ನೆರಳು ಬಿತ್ತು.

ಕಬ್ಬು ಹೇರಿದ ಟ್ರ್ಯಾಕ್ಟರ್ ಅವಳ ಬಲಕ್ಕೆ ಬಂದು, ಅವಳಷ್ಟೇ ನಿಧಾನಕ್ಕೆ ಉರುಳತೊಡಗಿತು. ಕಬ್ಬಿನ ಗರಿಗಳ ನೆರಳು ತೋಳುಗಳ ಮೇಲೆ ನೀರಿನಂತೆ ಅಲುಗಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆದೇ ಹೊಡೆದವು. ನರೆಮೀಸೆಯ ಚಾಲಕ ಜಗ್ಗಲಿಲ್ಲ.

"ನೀವು ಮುಂದ ಹೋಗ್ರಿ ಕಾಕಾ."

"ನೀ ಓಡವ್ವ. ನೀ ಬರ್ತಿ ಅಂತ ಫೋನ್ ಬಂದಿತ್ತು."

ಯಾರ ಫೋನ್ ಎಂದು ಕೇಳುವಷ್ಟರಲ್ಲಿ ಟ್ರ್ಯಾಕ್ಟರ್ ಡೀಸೆಲ್ ಬಂಕಿನತ್ತ ತಿರುಗಿತು.

ಫೋನ್... ಇನ್ಯಾರದು? ಅವನದೇ.

ಅಜ್ಜಿಯ ಕೈ, ಬಾಳೆಹಣ್ಣು, ಈ ನೆರಳು, ಎಲ್ಲ ಅವನಿಟ್ಟ ಕಾವಲೇ? ಇಷ್ಟು ಉದ್ದದ ದಾರಿಯಲ್ಲಿ ನನ್ನದೇ ಅನ್ನುವ ಒಂದು ಗುಟುಕು ನೀರೂ ಇರಲಿಲ್ಲವೇ? ಕೊನೆಯ ಮೈಲಿಗಳನ್ನು ಅವಳು ಸಿಟ್ಟಿನಿಂದಲೇ ಓಡಿದಳು.

ದುರುಗೇಶ್ ಸೇತುವೆಯ ಮೇಲಿದ್ದ. ಕೈಯಲ್ಲೊಂದು ನೀರಿನ ಬಾಟಲಿ. ಕೊಡಬೇಕೋ ಬೇಡವೋ ತಿಳಿಯದೆ ಹಿಡಿದು ನಿಂತಿದ್ದ.

"ಟ್ರ್ಯಾಕ್ಟರಿನವ್ರಿಗೆ ಫೋನ್ ಮಾಡಿ ನೆರಳು ಹಿಡಿಸಿದ್ರಿ, ಹೌದಲ್ಲ?"

ಅವನು ಬಾಟಲಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ನೆರಳು ಹಿಡೀಬಹುದು ಅಂತ ಹೊಳದಿದ್ರ, ಖರೇ ಹೇಳ್ತೀನಿ, ಹಿಡಿಸಿಬಿಡ್ತಿದ್ದೆ. ನನಗ ಹೊಳೀಲೇ ಇಲ್ರಿ."

ಭವ್ಯ ನಂಬದೆ ಹೊಳೆಯ ಕಡೆ ತಿರುಗಿದಳು. ಕಣ್ಣುಗಳು ತುಂಬಿದ್ದವು.

ಆಗ ಹಿಂದೆ ಟ್ರ್ಯಾಕ್ಟರಿನ ಸದ್ದು. ಅದೇ ಚಾಲಕ, ಕಿವಿಗೆ ಫೋನ್ ಒತ್ತಿಕೊಂಡು ಕೂಗುತ್ತಿದ್ದ.

"ಲೇ ಕರೆಮ್ಮ, ನಿನ್ ಬಾಳಿಹಣ್ಣಿನ ಹುಡುಗಿ ಹೊಳಿ ಮುಟ್ಯಾಳ. ಇನ್ನ ಚಿಂತಿ ಬಿಟ್ಟು ಉಣ್ಣು." ಫೋನ್ ಜೇಬಿಗಿಟ್ಟು ಭವ್ಯಳನ್ನು ನೋಡಿದ. "ನಮ್ಮ ಮನಿಯಾಕಿ. ಗೊನಿ ಅಲ್ಲೇ ಬಿಟ್ಟು ನಿನ್ನ ಸಲುವಾಗಿ ನಾಕು ಸಲ ಫೋನ್ ಮಾಡ್ಯಾಳ."

ಆಮೇಲೆ ಅವನ ದೃಷ್ಟಿ ದುರುಗೇಶನ ಮೇಲೆ ಬಿತ್ತು. ಹುಬ್ಬು ಗಂಟಾಯಿತು.

"ನೀ ಯಾರಲೇ? ಹುಡುಗಿ ಯಾಕ ಅಳಾಕತ್ಯಾಳ? ಯವ್ವಾ, ಇಂವ ನಿನಗೇನಾಗ್ಬೇಕು?"

ಭವ್ಯ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. ದಾರಿ ಅವಳದೇ ಆಗಿತ್ತು. ಪೂರ್ತಿ ಅವಳದೇ.

"ಇವ್ರು... ನನ್ನ ಮದುವಿ ಆಗೋರು, ಕಾಕಾ."

ಬಾಟಲಿ ದುರುಗೇಶನ ಕೈಯಿಂದ ಜಾರಿ ಬಿತ್ತು.

ಟ್ರ್ಯಾಕ್ಟರ್ ಸೇತುವೆ ದಾಟಿ ಹೋದ ಮೇಲೆ ಅವನು ಮೆಲ್ಲಗೆ ಹೇಳಿದ: "ಒಂದು ತಪ್ಪು ಮಾಡೀನ್ರಿ. ನಸುಕಿನ್ಯಾಗ... ಸಂಡೂರ್ ರೋಡಿಗೆ ನೀರು ಹಾಕೀನಿ."

ಭವ್ಯ ತನ್ನ ಶೂಗಳನ್ನು ನೋಡಿಕೊಂಡಳು. ಅಂಚಿನಲ್ಲಿ ಕೆಂಪು ಕೆಸರು ಒಣಗಿ ಹೆಪ್ಪುಗಟ್ಟಿತ್ತು.

"ಇಬ್ಬನಿ ಅಂದ್ಕೊಂಡಿದ್ದೆ."

"ಸಿಟ್ಟು ಬಂತೇನ್ರಿ?"

"ಬೈಕ್ ಹಿಂದ ಬರ್ತೈತಿ, ನೀ ನೀರು ಹಾಕಿ ಮುಂದ ಹೋಗಿದ್ದಿ. ರೀ ಅನ್ನೋದು ಬಿಡು ಇನ್ನ," ಎಂದು ಅವಳು ಅವನ ಭುಜಕ್ಕೆ ಒರಗಿದಳು. "ಆ ಬಾಟ್ಲಿ ಎತ್ತಿ ಕೊಡು. ಭಾಳ ನೀರಡಿಕಿ ಆಗೈತಿ."