ಬಹ್ಗತ್ ಸುತ್ತಿದ ಕಾಯಿಲ್

ಸದ್ದು ಕೇಳಿದಾಗ ಮನ್ಶಿಯಾ ಚೌಕದ ಜನ ಯಾವುದೋ ಲಾರಿಯ ಟೈರ್ ಸಿಡಿಯಿತು ಅಂದುಕೊಂಡರು. ಆಮೇಲೆ ಕಾಫಿ ಅಂಗಡಿಯ ಹೊರಮೇಜಿನಿಂದ ಚೀರಾಟ ಬಂತು. ಮಮ್ದೂಹ್ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ. ಬಲಗೈ ಸುಟ್ಟಿತ್ತು, ತುಟಿ ಸೀಳಿತ್ತು. ಅವನು ಸೇದುತ್ತಿದ್ದ ವೇಪ್, ಅಂದರೆ ಬ್ಯಾಟರಿ ಸಿಗರೇಟು, ಪಗಡೆ ಹಲಗೆಯ ಮೇಲೆ ಹೊಗೆಯಾಡುತ್ತಿತ್ತು.

ಕ್ಯಾಪ್ಟನ್ ನಬೀಹ್ ಬರುವ ಹೊತ್ತಿಗೆ ಮಮ್ದೂಹ್ ಆಸ್ಪತ್ರೆ ಸೇರಿದ್ದ. ವೇಪ್ ಎದುರಿನ ವಗ್ದಿಯ ಅಂಗಡಿಯಲ್ಲಿತ್ತು. ಅಲೆಕ್ಸಾಂಡ್ರಿಯಾದ ಅರ್ಧ ಹುಡುಗರಿಗೆ ವೇಪ್ ಮಾರಿದವನು, ಅದರೊಳಗೆ ಲಿಕ್ವಿಡ್ ಕಾಯಿಸಿ ಹೊಗೆ ಎಬ್ಬಿಸುವ ತಂತಿ ಸುರುಳಿ, ಕಾಯಿಲ್, ಸುತ್ತುವುದನ್ನು ಕಲಿಸಿದವನು ಈ ವಗ್ದಿ.

"ಒದ್ದೆ ಬಟ್ಟೆ ಹಿಡ್ಕೊಂಡು ಮೊದಲು ಓಡಿದ್ದು ನಾನೇ ಬಾಷಾ. ಇನ್ನೂ ಹೊತ್ಕೊಳ್ಳುತ್ತೆ ಅಂತ ತಂದು ಮರಳಲ್ಲಿಟ್ಟೆ," ಅಂದ ವಗ್ದಿ. ಅಲ್ಲಿ ಪೊಲೀಸ್ ಸಾಹೇಬರನ್ನು ಬಾಷಾ ಎಂದೇ ಕರೆಯುವುದು. ವೇಪ್‌ನ ಲಿಕ್ವಿಡ್ ಟ್ಯಾಂಕ್ ಬಿಚ್ಚಿ ತೋರಿಸಿದ. "ನೋಡಿ, ಕಾಯಿಲ್‌ನ ಕಾಲು ಗೋಡೆಗೆ ತಾಗಿದೆ. ಶಾರ್ಟ್! ಬ್ಯಾಟರಿ ಸಿಡೀದೆ ಇರುತ್ತಾ?"

"ಸುತ್ತಿದ್ದು ಯಾರು?"

"ಹೇಳೋಕೆ ನಾಲಿಗೆ ಏಳಲ್ಲ. ಬಹ್ಗತ್. ಮಮ್ದೂಹ್ ಹೆಂಡತಿಯ ಅಣ್ಣ, ಟ್ರಾಮ್ ಓಡಿಸ್ತಾನೆ. ಸಿಗರೇಟು ಬಿಟ್ಟು ನನ್ನ ಹತ್ರ ಕಲೀತಿದ್ದ. ಸರಿಯಾಗಿ ಬಂದ ಮೊದಲ ಕಾಯಿಲ್ ಅಂತ ಇವತ್ತು ತಂಗಿ ಗಂಡನಿಗೇ ಹಾಕಿಕೊಟ್ಟ."

ಭಾವ ಭಾಮೈದರ ನಡುವೆ ಬಹ್ಗತನ ತಾಯಿಯ ಮನೆಯ ವಿಷಯಕ್ಕೆ ಮಾತು ಬಿಟ್ಟುಹೋಗಿದ್ದು ಕೇರಿಗೆಲ್ಲ ಗೊತ್ತಿತ್ತು. ಜಗಳದ ಮನೆಯಿಂದ ಉಡುಗೊರೆ ಬಂದರೆ ಪೊಲೀಸನ ಮೂಗು ಅರಳದೇ ಇರುತ್ತದೆಯೇ? ನಬೀಹನದೂ ಅರಳಿತು.

* * *

ಠಾಣೆಯಲ್ಲಿ ಬಹ್ಗತ್ ಕೂತ ಬೆಂಚಿನಿಂದ ಏಳಲೇ ಇಲ್ಲ. ಐವತ್ತರ ಆಳು, ಬಾಳೆಕಾಯಿಯಂಥ ಬೆರಳುಗಳು.

"ನಂದೇ ತಪ್ಪು ಬಾಷಾ."

"ಬೇಕಂತ ಮಾಡಿದ್ಯಾ?"

"ಅಯ್ಯೋ, ಅಲ್ಲಾಹ್ ಮೆಚ್ಚಲ್ಲ! ರಾಜಿ ಆಗೋಣ ಅಂತ ಕೊಟ್ಟೆ. ಶಾರ್ಟ್ ಇದ್ಯಾ ಅಂತ ಮೀಟರಲ್ಲಿ ನೋಡಿದ್ದೆ, ಸರಿಯಾಗೇ ಇತ್ತು. ಈಗ ನನ್ನ ಕಣ್ಣನ್ನೇ ನಂಬೋಕಾಗ್ತಿಲ್ಲ."

ಕೇಸು ನಿಂತರೆ ಜೈಲು, ಟ್ರಾಮ್ ಕೆಲಸವೂ ಹೋಗುತ್ತದೆ. ಅದಕ್ಕಿಂತ ಅವನನ್ನು ಕೊಲ್ಲುತ್ತಿದ್ದುದು ಬಾಗಿಲಾಚೆ ನಿಂತಿದ್ದ ತಂಗಿ ಸಬಾಹ್. ಅವಳು ಒಳಗೆ ಬರಲಿಲ್ಲ. "ಗಂಡನ ಕೈ ತಿಂದವನ ಮುಖ ನೋಡಲ್ಲ ಅಂತ ಹೇಳಿ," ಎಂದಷ್ಟೇ ಪೇದೆಗೆ ಹೇಳಿ ಹೊರಟುಹೋದಳು.

ಇಷ್ಟು ಬೇಗ ತಪ್ಪೊಪ್ಪಿಕೊಳ್ಳುವವರನ್ನು ಕಂಡರೆ ನಬೀಹನಿಗೆ ಆಗುತ್ತಿರಲಿಲ್ಲ. ಒಂದೋ ಶುದ್ಧ ನಾಟಕ, ಇಲ್ಲವೇ ಶುದ್ಧ ಪೆದ್ದುತನ. ಇದು ಯಾವುದು?

* * *

ಕಾಫಿ ಅಂಗಡಿಯ ಮಾಣಿ, ಫುಲ್ ಎಂಬವನಿಗೆ, ಬಾಯಿ ಜಾಸ್ತಿ.

"ಮಮ್ದೂಹ್ ಆಟ ಪೂರ್ತಿ ಸೇದ್ತಾನೇ ಇದ್ದ ಬಾಷಾ! ದ್ರಾಕ್ಷಿ ವಾಸನೆ, ರೈಲು ಇಂಜಿನ್ ಥರ ಹೊಗೆ. ಎದುರಿಗೆ ಕೂತೋನಿಗೆ ದಾಳ ಕಾಣ್ತಿರಲಿಲ್ಲ. ಅದಕ್ಕೇ ಗೆದ್ದ, ಕಳ್ಳ!"

"ಆಟ ಪೂರ್ತಿ? ನಡುವೆ ಏನಾದ್ರೂ ಬದಲಾಯಿಸಿದ್ನಾ?"

"ಕೊನೇಲಿ ಬ್ಯಾಟರಿ ಮುಗೀತು ಅಂತ ವೇಪ್ ಮೇಜಿನ ಮೇಲೇ ಬಿಟ್ಟು, ಎದುರುಗಡೆ ವಗ್ದಿ ಅಂಗಡಿಗೆ ಹೋಗಿ ಹೊಸದು ತಂದು ಹಾಕ್ಕೊಂಡ. ಕೂತ, ಒತ್ತಿದ, ಢಂ!"

ನಬೀಹ್ ಕಾಫಿ ಅಲ್ಲೇ ಬಿಟ್ಟು ಎದ್ದ.

* * *

ಮರುದಿನ ನಬೀಹ್ ಬಹ್ಗತನನ್ನು ಕರೆದುಕೊಂಡು ವಗ್ದಿಯ ಅಂಗಡಿಗೆ ಹೋದ.

"ಒಂದು ಕಾಯಿಲ್ ಸುತ್ತು. ನಾನೂ ಕಲೀಬೇಕು."

ಬಹ್ಗತ್ ಸಣ್ಣ ಕಡ್ಡಿಗೆ ತಂತಿ ಸುತ್ತಿದ. ಟ್ಯಾಂಕಿಗೆ ಕೂರಿಸಿ ತಿರುಪು ಬಿಗಿದ. ಲಿಕ್ವಿಡ್ ಹೀರಲು ಕಾಯಿಲ್ ಒಳಗೆ ಹತ್ತಿ ತುರುಕಿದ. ಹತ್ತಿ ಹರಿದ ಹಾಸಿಗೆಯ ಹಾಗೆ ಎಲ್ಲ ಕಡೆಯಿಂದ ಹೊರಬಂತು. ವಗ್ದಿ ಚಡಪಡಿಸಿದ. ಕೊನೆಗೆ ತಡೆಯಲಾರದೆ ಕತ್ತರಿ ಕಿತ್ತುಕೊಂಡ.

"ಹಾಗಲ್ಲ ಮಾರಾಯಾ! ಎಷ್ಟು ಸಲ ಬಡ್ಕೊಳ್ಳಲಿ? ತುದಿ ಓರೆಯಾಗಿ ಕತ್ತರಿಸು, ಬಾಚು, ಒಳಗೆ ಮಡಚು!" ಹೇಳುತ್ತಲೇ ಮಾಡಿ ಮುಗಿಸಿದ. ವಧುವಿನ ತಲೆ ಬಾಚಿದಷ್ಟು ಒಪ್ಪವಾಗಿತ್ತು.

ನಬೀಹ್ ಚೀಲದಿಂದ, ಜಪ್ತಿ ಮಾಡಿದ್ದ ಆ ದಿನದ ಟ್ಯಾಂಕ್ ತೆಗೆದು ಪಕ್ಕದಲ್ಲಿಟ್ಟ. ಎರಡರ ಹತ್ತಿಯೂ ಒಂದೇ ಥರ ಓರೆ, ಒಂದೇ ಥರ ಮಡಿಕೆ.

ವಗ್ದಿಯ ಮುಖ ಬಿಳುಚಿತು. "ಆವತ್ತೂ... ನಾನೇ ತಿದ್ದಿಕೊಟ್ಟಿರಬೇಕು."

"ಇರಬಹುದು. ಆದ್ರೆ ಆಟ ಪೂರ್ತಿ ಸೇದಿದ ಹತ್ತಿ ಕಂದು ಬಣ್ಣಕ್ಕೆ ತಿರುಗಬೇಕಲ್ವಾ? ಇದು ಬೆಳ್ಳಗಿದೆ. ಗೋಡೆಗೆ ತಾಗೋ ಕಾಯಿಲ್ ಆಗಿದ್ರೆ ಮೊದಲ ಸಲ ಒತ್ತಿದಾಗಲೇ ಸಿಡೀಬೇಕಿತ್ತು. ಅಂದ್ರೆ ಈ ಕಾಯಿಲ್, ಈ ಹತ್ತಿ, ಎರಡೂ ಟ್ಯಾಂಕ್ ಸೇರಿದ್ದು ಸಿಡಿದ ಮೇಲೆ. ಆಗ ಅದು ಇದ್ದದ್ದು ನಿನ್ನ ಕೈಲಿ ಮಾತ್ರ."

"ನಾನ್ಯಾಕೆ ಹಾಗೆ ಮಾಡ್ಲಿ?"

ನಬೀಹ್ ಕಪಾಟಿನಿಂದ ಹೊಸ ಬ್ಯಾಟರಿ ತೆಗೆದು ಮೇಲಿನ ಪ್ಲಾಸ್ಟಿಕ್ ಸುಲಿದ. ಒಳಗೆ ತುಕ್ಕು ಹಿಡಿದ ಹಳೆಯ ಬ್ಯಾಟರಿ ಇತ್ತು.

"ಇದಕ್ಕೆ. ಸಿಡಿದದ್ದರ ಒಳಗೂ ಇದೇ ತುಕ್ಕು. ಗುಜರಿ ಮಾಲಿಗೆ ಹೊಸ ಅಂಗಿ ತೊಡಿಸಿ ಮಾರ್ತಿದ್ದೆ. ಸಿಕ್ಕಿಬೀಳೋ ಭಯಕ್ಕೆ ಇವನು ಕಲಿಯುವಾಗ ಕೆಡಿಸಿ ಬಿಸಾಕಿದ ಕಾಯಿಲ್ ಹುಡುಕಿ ತೂರಿಸಿದೆ. ಕೆಟ್ಟ ಕಾಯಿಲ್ ಹಾಕೋಕೆ ನಿನಗೆ ಮನಸ್ಸು ಬಂತು ವಗ್ದಿ. ಕೆಟ್ಟದಾಗಿ ಹತ್ತಿ ತುಂಬೋಕೆ ಕೈ ಬರಲಿಲ್ಲ."

ವಗ್ದಿ ಸ್ಟೂಲಿನ ಮೇಲೆ ಕುಸಿದ. ಪೇದೆ ಬೇಡಿ ತೆಗೆದ.

"ಹಾಗಾದ್ರೆ ನಾನು ಸುತ್ತಿದ್ದು?" ಬಹ್ಗತನ ದನಿ ಒಡೆದಿತ್ತು.

ವಗ್ದಿ ತಲೆ ಎತ್ತಲಿಲ್ಲ. "ಕಿತ್ತು ಕಸಕ್ಕೆ ಹಾಕಿದೆ. ಚೆನ್ನಾಗೇ ಇತ್ತು."

ಬಹ್ಗತ್ ಅವನಿಗೆ ಹೊಡೆಯಲು ಕೈಯೆತ್ತಿದ. ಆಮೇಲೆ ಅದೇ ಕೈಯಿಂದ ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟ.

* * *

ಆಸ್ಪತ್ರೆಯ ಓಣಿಯಲ್ಲಿ ಸಬಾಹ್ ಒಬ್ಬಳೇ ಕೂತಿದ್ದಳು. ನಬೀಹ್ ನಡೆದದ್ದನ್ನೆಲ್ಲ ಹೇಳಿ ಪಕ್ಕಕ್ಕೆ ಸರಿದ. ಅವಳು ಎದ್ದು, ಅವನ ಹಿಂದೆ ಬಂದಿದ್ದ ಅಣ್ಣನ ಎದುರು ನಿಂತಳು.

"ನಾನಲ್ಲ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ?"

"ನಾನೇ ಅಂತ ನಂಬಿಬಿಟ್ಟಿದ್ದೆ ಕಣೇ."

"ನೀನು ಪೆದ್ದ, ನಂಬಿದೆ." ಅವಳು ಅಣ್ಣನ ಕೈ ಹಿಡಿದುಕೊಂಡಳು. "ನಾನು ಹೇಗೆ ನಂಬಿದೆ ಅಣ್ಣಾ?"