ಶಾಸಕರು ಉಂಡ ದಿನ

ಅಕ್ಕ ಸ್ಟುಡಿಯೋದ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಫೋಟೋಗ್ರಾಫರ್ ಒಂದು ಕೂಸನ್ನು ನಗಿಸಲು ಹೆಣಗುತ್ತಿದ್ದ. ಕೂಸಿನ ತಾಯಿ ಬಂದವಳನ್ನು ನೋಡಿದಳು, ಮಗುವನ್ನೆತ್ತಿ ಸೊಂಟಕ್ಕೇರಿಸಿಕೊಂಡಳು, ಆಮೇಲೆ ಬರುತ್ತೇನೆ ಎಂದು ಹೊರಟೇಹೋದಳು. ಆಮೇಲೆ ಬರುವುದಿಲ್ಲವೆಂಬುದು ಕೂಸಿಗೂ ಗೊತ್ತಿದ್ದಂತಿತ್ತು.

"ನಿನ್ನ ವ್ಯಾಪಾರಕ್ಕೂ ಕಲ್ಲು ಹಾಕ್ದೆ ನೋಡು," ಎಂದು ಅಕ್ಕ ಗಿರಾಕಿಗಳ ಬೆಂಚಿನ ಮೇಲೆ ಕೂತಳು.

ಶಾಲೆಯಲ್ಲಿ ಮಗಳನ್ನು 'ಕೀಲಿಕೈ' ಎಂದು ಕರೆಯುತ್ತಿದ್ದಾರೆ, ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ, ಗಂಡ ಗೋಡೆಗೆ ಮುಖ ಮಾಡಿ ಕೂತವನು ಏಳುತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ತಮ್ಮನಾದ ಅವನು ಅಕ್ಕನ ಮನೆ ಕಡೆ ತಲೆ ಹಾಕದೆ ಎಷ್ಟು ದಿನವಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ಅವನೇ ಲೆಕ್ಕ ಹಾಕಿಕೊಳ್ಳಲಿ ಎಂದು ಬಿಟ್ಟಳು.

"ಮೇಲಿರೋ ಮೇಡಂನ ಕರಿ. ನಿನ್ನ ಭಾವಂದೇ ತಪ್ಪು ಅಂತ ಅವರೂ ಹೇಳಿದ್ರೆ ಬಾಯಿ ಮುಚ್ಕೊಂಡು ಊರು ಬಿಡ್ತೀನಿ."

ಮೇಲಿರುವ ಮೇಡಂ ಎಂದರೆ ಸ್ಟುಡಿಯೋದ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದವರು. ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಯಾವ ಪ್ರಶ್ನೆ ಕೇಳಿದರೂ ಕೊನೆಗೆ 'ಸುಮ್ನೆ ಕೇಳ್ದೆ' ಎಂದು ಸೇರಿಸುತ್ತಿದ್ದುದರಿಂದ ಊರು ಅವರಿಗೆ ಸುಮ್ನೆ ಮೇಡಂ ಎಂದೇ ಹೆಸರಿಟ್ಟಿತ್ತು. ಅವರು ಸುಮ್ಮನೆ ಕೇಳಿದ್ದಕ್ಕೆ ಉತ್ತರ ಕೊಟ್ಟು ಜೈಲು ಕಂಡವರಿದ್ದರು. ಊರಿಗೆ ಬಂದ ಮೇಲೂ ನಾಲ್ಕಾರು ಗಂಟುಗಳನ್ನು ಬಿಡಿಸಿದ್ದರು. ಪ್ರತಿ ಸಲವೂ ಫೋಟೋಗ್ರಾಫರ್ ಕ್ಯಾಮೆರಾ ಹೊತ್ತು ಅವರ ಹಿಂದೆ ಅಲೆದಿದ್ದ. ಈ ಸಲ ಮಾತ್ರ ಮಹಡಿ ಮೆಟ್ಟಿಲು ಹತ್ತಿರಲಿಲ್ಲ. ಭಾವ ತಪ್ಪಿತಸ್ಥನೆಂದು ಖಚಿತವಾಗುವುದೂ ಅವನಿಗೆ ಬೇಕಿರಲಿಲ್ಲ, ಶಾಸಕರ ಮಾತು ಸುಳ್ಳಾಗುವುದೂ ಬೇಕಿರಲಿಲ್ಲ.

ಆದದ್ದು ಇಷ್ಟು. ಸಣ್ಣ ಊರುಗಳ ಆಸ್ಪತ್ರೆಗಳನ್ನು ಮುಚ್ಚಿ ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸುವ ಮಸೂದೆಯೊಂದು ರಾಜಧಾನಿಯ ಶಾಸನಸಭೆಗೆ ಬಂದಿತ್ತು. ಪಕ್ಷ ಏನೇ ಹೇಳಲಿ, ಅದರ ವಿರುದ್ಧವೇ ಕೈ ಎತ್ತುತ್ತೇನೆಂದು ಶಾಸಕರು ಊರ ಮುಂದೆ ಮಾತು ಕೊಟ್ಟಿದ್ದರು. ಮತದಾನದ ದಿನ ಬೆಳಿಗ್ಗೆ ಅವರು ಊರ ಆಸ್ಪತ್ರೆಯಲ್ಲಿ ಹೊಸ ಹೆರಿಗೆ ವಾರ್ಡಿನ ರಿಬ್ಬನ್ನು ಕತ್ತರಿಸಿ, ಜನರ ಊಟವಾದ ಮೇಲೆ ಹೊರಟು, ಬೆಟ್ಟದ ದಾರಿ ದಾಟಿ ಸಂಜೆಗೆ ಸಭೆ ಸೇರಬೇಕಿತ್ತು. ಹೊರಡುವಾಗ ಕಾರಿನ ಕೀಲಿಕೈ ಇರಲಿಲ್ಲ. ಇನ್ನೊಂದು ಕೀಲಿಕೈ ರಾಜಧಾನಿಯ ಮನೆಯಲ್ಲಿತ್ತು. ಇಡೀ ಊರು ಹೂಕುಂಡ, ಚರಂಡಿ, ಹಾಸಿಗೆಯ ಅಡಿ ಎಲ್ಲವನ್ನೂ ಜಾಲಾಡಿತು. ವಾರ್ಡು ಕಟ್ಟಿದ ಕಂಟ್ರಾಕ್ಟರ್ ತನ್ನ ಕಾರು ಕೊಡಲು ಬಂದ. ಕಂಟ್ರಾಕ್ಟರ್ ಕಾರಲ್ಲಿ ಕೂತು ಜನರ ಪರ ಮಾತಾಡಲೇ ಎಂದರು ಶಾಸಕರು. ಆಂಬುಲೆನ್ಸ್ ಇತ್ತು, ರೋಗಿಗಳ ಗಾಡಿ ಮುಟ್ಟಲಾರೆ ಎಂದರು. ಜನ ಚಪ್ಪಾಳೆ ತಟ್ಟಿದರು. ಸಂಜೆ ಮಸೂದೆ ಕೂದಲೆಳೆಯ ಅಂತರದಲ್ಲಿ ಪಾಸಾಯಿತು. ಅದಾದ ಸ್ವಲ್ಪ ಹೊತ್ತಿಗೆ ಶಾಸಕರ ಪಿ.ಎ., ಡ್ರೈವರಿನ ಊಟದ ಡಬ್ಬಿಯ ಕೆಳಗಿನ ಬಟ್ಟಲಿನಿಂದ ಕೀಲಿಕೈ ಹೊರತೆಗೆದ. ಆ ಡ್ರೈವರೇ ಅಕ್ಕನ ಗಂಡ.

ಶಾಸಕರು ಅವನನ್ನು ಪೊಲೀಸರಿಗೆ ಕೊಡಲಿಲ್ಲ. "ಯಾರೋ ತಲೆ ಕೆಡಿಸಿದ್ದಾರೆ, ಕ್ಷಮಿಸಿದ್ದೀನಿ," ಎಂದು ಕಣ್ಣೊರೆಸಿಕೊಂಡರು. ಆ ಕ್ಷಮೆಯ ನಂತರ ಭಾವನಿಗೆ ಊರಲ್ಲಿ ತಲೆಯೆತ್ತುವ ಜಾಗವೇ ಉಳಿಯಲಿಲ್ಲ.

ಸುಮ್ನೆ ಮೇಡಂ ಕೆಳಗಿಳಿದು ಬಂದು ಎಲ್ಲವನ್ನೂ ಕೇಳಿಸಿಕೊಂಡರು. ಕೇಳುತ್ತಿರುವಾಗಲೂ ಅವರ ಕಣ್ಣು ಸ್ಟುಡಿಯೋದ ಶೋಕೇಸಿನ ಮೇಲಿತ್ತು. ಅಲ್ಲಿ ಹೊಸದಾಗಿ ದೊಡ್ಡದು ಮಾಡಿ ಹಾಕಿದ ಚಿತ್ರವಿತ್ತು: ವಾರ್ಡಿನ ಉದ್ಘಾಟನೆಯ ದಿನ ಶಾಸಕರು ಜನರ ಸಾಲಿನಲ್ಲಿ ಕೂತು, ತಟ್ಟೆ ಮುಂದೆ ಹಿಡಿದು, ಬಡಿಸುವವನಿಂದ ಎರಡನೇ ಸಲ ಹಾಕಿಸಿಕೊಳ್ಳುತ್ತ ನಗುತ್ತಿದ್ದರು.

"ಇದನ್ನೇ ಯಾಕೆ ಹಾಕಿದ್ದು? ಸುಮ್ನೆ ಕೇಳ್ದೆ."

ಫೋಟೋಗ್ರಾಫರಿಗೆ ಆ ಚಿತ್ರದ ಮೇಲೆ ಹೆಮ್ಮೆಯಿತ್ತು. ಇಷ್ಟು ವರ್ಷ ಶಾಸಕರ ಕಾರ್ಯಕ್ರಮಗಳಿಗೆಲ್ಲ ಅವನೇ ಕ್ಯಾಮೆರಾ ಹಿಡಿದಿದ್ದ. ಊಟದ ಹೊತ್ತಿಗೆ ಅವರ ಕೈಯಲ್ಲಿ ಯಾವಾಗಲೂ ಸೌಟು. ಜನಕ್ಕೆ ಬಡಿಸುತ್ತಿದ್ದರೇ ಹೊರತು ತಾವು ಕೂರುತ್ತಿರಲಿಲ್ಲ. ಎಲ್ಲರ ಹೊಟ್ಟೆ ತುಂಬದೆ ಉಣ್ಣದ ಮನುಷ್ಯ ಎಂದು ಊರು ಹೇಳುತ್ತಿತ್ತು. ಗೋಡೆಯ ತುಂಬ ಸೌಟಿನ ಚಿತ್ರಗಳೇ ಇದ್ದವು. ತಟ್ಟೆ ಹಿಡಿದ ಚಿತ್ರ ಅವನಿಗೆ ಸಿಕ್ಕಿದ್ದು ಇದೇ ಮೊದಲು.

"ಮನೆ ಊಟದಲ್ಲೂ ಹೀಗೇನಾ ಸೌಟು?"

"ಅದು ಭಾವನಿಗೇ ಗೊತ್ತು."

"ಹಾಗಾದ್ರೆ ಭಾವನ್ನೇ ಕೇಳೋಣ ನಡಿ. ನೀನೂ ಆ ಮನೆ ನೋಡಿ ಬಹಳ ದಿನ ಆಗಿರಬೇಕು."

ಭಾವ ಗೋಡೆಯಿಂದ ಮುಖ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ತಿರುಗಿಸಿದ ಮೇಲೆ ಮೇಡಂನ ಪ್ರಶ್ನೆಗಳಿಗೆಲ್ಲ ಕಾರಿನ ಭಾಗಗಳನ್ನು ಬಿಚ್ಚಿಡುವವನಂತೆ ಒಂದೊಂದಾಗಿ ಉತ್ತರ ಕೊಟ್ಟ. ಬೆಳಿಗ್ಗೆ ಬೇಗ ತನ್ನ ಬುತ್ತಿ ಉಂಡು, ಡಬ್ಬಿ ತೊಳೆದು, ಡಾಕ್ಟರ ಕೋಣೆಯ ಕಿಟಕಿಯಲ್ಲಿಟ್ಟಿದ್ದ. ಆ ಕೋಣೆಯನ್ನು ಶಾಸಕರ ವಿಶ್ರಾಂತಿಗೆಂದು ಬಿಟ್ಟುಕೊಟ್ಟಿದ್ದರು. ಹೊಸ ವಾರ್ಡಿಗೆ ಮಂಚ ಸಾಗಿಸುವ ಜನ ಕಡಿಮೆಯಿದ್ದರು.

"ಸಾಹೇಬ್ರೇ ಹೆಗಲ ಮೇಲೆ ಕೈ ಇಟ್ಟು, 'ಕೋಟು ಇಲ್ಲೇ ತಗಲಿ ಹಾಕಿ ಹೋಗಿ ಸ್ವಲ್ಪ ಕೈ ಹಾಕಪ್ಪ, ನೀನೇನು ಬೇರೆಯವನಾ' ಅಂದ್ರು. ಖುಷಿಯಾಯ್ತು ಮೇಡಂ. ಕೀಲಿಕೈ ಕೋಟಲ್ಲೇ ಇತ್ತು."

ಇದನ್ನು ಯಾರಿಗೂ ಯಾಕೆ ಹೇಳಲಿಲ್ಲವೆಂದು ಫೋಟೋಗ್ರಾಫರ್ ಕೇಳಿದ. ಅದರಲ್ಲಿ ಹೇಳುವಂಥದ್ದೇನಿದೆ ಎಂದು ಭಾವ ಅವನನ್ನೇ ನೋಡಿದ.

"ದಾರಿಗೆ ಸಾಹೇಬ್ರಿಗೆ ಏನೇನು ಇಟ್ಕೊಂಡಿದ್ರಿ? ಸುಮ್ನೆ ಕೇಳ್ದೆ."

ಭಾವ ತಡವರಿಸಿದ. ಹೆಂಡತಿಯ ಮುಖ ನೋಡಿದ. ಹೇಳಿಬಿಡಿ ಎನ್ನುವಂತೆ ಅವಳು ಗಲ್ಲ ಎತ್ತಿದಳು. ಒಣ ಬ್ರೆಡ್ಡು, ಪೆಪ್ಪರ್‌ಮೆಂಟಿನ ಡಬ್ಬಿ, ನಾಲ್ಕು ಪ್ಲಾಸ್ಟಿಕ್ ಚೀಲ ಎಂದ. ಬೆಟ್ಟದ ತಿರುವುಗಳಲ್ಲಿ ಸಾಹೇಬರಿಗೆ ವಾಂತಿಯಾಗುತ್ತಿತ್ತು. ಕಾರು ಹತ್ತುವ ದಿನ ಹೊಟ್ಟೆಗೆ ಒಣ ಬ್ರೆಡ್ಡು ಬಿಟ್ಟು ಬೇರೇನೂ ಹಾಕುವಂತಿರಲಿಲ್ಲ. ನಾಯಕನಾದವನು ಚೀಲದಲ್ಲಿ ಕಕ್ಕುತ್ತಾನೆಂದರೆ ಮರ್ಯಾದೆಯೇ? ಅದಕ್ಕೇ ಇಷ್ಟು ವರ್ಷ ಭಾವ ಬಾಯಿ ಬಿಟ್ಟಿರಲಿಲ್ಲ, ಭಾಮೈದನ ಹತ್ತಿರವೂ.

"ಆವತ್ತು ಬ್ರೆಡ್ಡು ಕೊಟ್ಟೆ. 'ಇವತ್ತು ಬೇಡ' ಅಂದ್ರು. ಚಿಂತೆಗೆ ಹಸಿವಿಲ್ಲ ಅಂದ್ಕೊಂಡೆ."

ಮೇಡಂ ಮತ್ತೇನೂ ಕೇಳಲಿಲ್ಲ. ಸ್ಟುಡಿಯೋಗೆ ಮರಳಿ ಆ ದಿನದ ಅಷ್ಟೂ ಚಿತ್ರಗಳನ್ನು ಮೇಜಿನ ಮೇಲೆ ಹರಡಿಸಿದರು. ರಿಬ್ಬನ್ನು ಕತ್ತರಿಸಿದ ನಂತರದ ಯಾವ ಚಿತ್ರ ನೋಡಿದರೂ ಹಿನ್ನೆಲೆಯಲ್ಲಿ ಪಿ.ಎ. ಗೇಟಿನ ಬಳಿ ಫೋನು ಕಿವಿಗೊತ್ತಿಕೊಂಡು ನಿಂತಿದ್ದ. ಆಸ್ಪತ್ರೆಯ ಅಂಗಳದಲ್ಲಿ ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಡಾಕ್ಟರು ಜನರ ಸಾಲಿನಲ್ಲೇ ಕೂತು ಊಟ ಮಾಡುತ್ತಿದ್ದರು. ಊಟ ಮುಗಿಸಿದ ಶಾಸಕರು ಒಬ್ಬರೇ ಕೋಣೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ ಚಿತ್ರವೊಂದಿತ್ತು. ಅರ್ಧ ಬೆನ್ನು ಮಾತ್ರ ಬಂದಿದೆಯೆಂದು ಫೋಟೋಗ್ರಾಫರ್ ಅದನ್ನು ಹಾಳಾದವುಗಳ ಜೊತೆ ಎತ್ತಿಟ್ಟಿದ್ದ.

ಅವನು ಆ ಚಿತ್ರವನ್ನು ಬೋರಲು ಹಾಕಿದ. "ಬೇಡ ಮೇಡಂ," ಎಂದ.

"ಬೇಡ ಅಂದ್ರೆ ಬಿಡ್ತೀನಿ. ಆದ್ರೆ ಆ ಮಗು ಶಾಲೆಗೆ ಹೋಗ್ಬೇಕಲ್ಲ."

ಶಾಸಕರು ಆ ವಾರವೇ ಸ್ಟುಡಿಯೋಗೆ ಬರುವವರಿದ್ದರು. ಸರ್ಕಾರದ ದೊಡ್ಡ ಮಂಡಳಿಯೊಂದಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದರು. ರಾಜಧಾನಿಯ ಕಚೇರಿಯಲ್ಲಿ ತೂಗುಹಾಕಲು ಭಾವಚಿತ್ರ ಬೇಕಿತ್ತು. ಅಲ್ಲಿ ಎಂಥೆಂಥ ಸ್ಟುಡಿಯೋಗಳಿದ್ದರೂ ತನ್ನ ಮುಖ ಗೊತ್ತಿರುವುದು ಈ ಹುಡುಗನಿಗೇ ಎಂದು ಅವರು ಹೇಳುತ್ತಿದ್ದರು. ಹುಡುಗನ ತಲೆ ಈಗ ಅರ್ಧ ನರೆತಿತ್ತು.

ಅವರು ಬಂದು ನೀಲಿ ಪರದೆಯ ಮುಂದಿನ ಕುರ್ಚಿಯಲ್ಲಿ ಕೂತು, ದೀಪಗಳು ಹತ್ತಿದ ಮೇಲಷ್ಟೇ ಬೆಂಚಿನ ಮೇಲಿದ್ದವರನ್ನು ಗಮನಿಸಿದರು. ಡಾಕ್ಟರು, ಅಕ್ಕ, ಭಾವ. ಪಿ.ಎ. ಅವರ ಕೋಟಿನ ಗುಂಡಿ ಸರಿಮಾಡುತ್ತಿದ್ದ.

"ಏನಪ್ಪ, ಗ್ರೂಪ್ ಫೋಟೋನಾ?" ಎಂದು ಶಾಸಕರು ನಕ್ಕರು.

ಸುಮ್ನೆ ಮೇಡಂ ಸ್ಟೂಲೆಳೆದುಕೊಂಡು ಕೂತರು. "ಒಂದು ಕ್ಲೇಮು ಮುಗಿಸೋದಿದೆ ಸಾಹೇಬ್ರೆ. ಬೇಗ ಮುಗಿಸ್ತೀನಿ." ಪಿ.ಎ. ಕಡೆ ತಿರುಗಿದರು. "ಆಸ್ಪತ್ರೆಯೆಲ್ಲ ಹುಡುಕಿದ್ರಿ, ಸಿಗ್ಲಿಲ್ಲ. ಮತದಾನ ಮುಗಿದ ಮೇಲೆ ನೆಟ್ಟಗೆ ಊಟದ ಡಬ್ಬಿಗೇ ಕೈ ಹಾಕಿದ್ರಿ. ಅಲ್ಲಿ ನೋಡು ಅಂತ ಹೇಳಿದ್ಯಾರು? ಸುಮ್ನೆ ಕೇಳ್ದೆ."

"ಸಾಹೇಬ್ರೇ..." ಎಂದ ಪಿ.ಎ., ಗುಂಡಿಯ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ.

ಮೇಡಂ ದನಿ ಏರಿಸದೆ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತ ಹೋದರು. ಕೀಲಿಕೈ ಇದ್ದದ್ದು ಕೋಟಿನಲ್ಲಿ, ಅದು ಸೇರಿದ್ದು ಡಬ್ಬಿಯಲ್ಲಿ, ಎರಡೂ ಇದ್ದದ್ದು ಡಾಕ್ಟರ ಕೋಣೆಯಲ್ಲಿ. ಡ್ರೈವರ್ ತಾನೇ ಬಚ್ಚಿಡುವುದಾಗಿದ್ದರೆ ಎಸೆಯಲು ಇಡೀ ಬೆಟ್ಟವೇ ಇತ್ತು. ತನ್ನ ಹೆಸರು ಕೊರೆದಿದ್ದ ಡಬ್ಬಿಯೇ ಬೇಕಿರಲಿಲ್ಲ. ಪಿ.ಎ. ಗೇಟು ಬಿಟ್ಟು ಕದಲಿರಲಿಲ್ಲ, ಡಾಕ್ಟರು ಊಟದ ಸಾಲು ಬಿಟ್ಟು ಎದ್ದಿರಲಿಲ್ಲ. ಡ್ರೈವರಿನ ಕೋಟು ಬಿಚ್ಚಿಸಿದವರು ಒಬ್ಬರೇ, ಆಮೇಲೆ ಆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡವರೂ ಅವರೇ. ಎರಡು ಗಾಡಿ ಎದುರಿಗೆ ನಿಂತಿದ್ದರೂ ಬೇಡವೆಂದವರು ಕೂಡ.

"ಇಷ್ಟಕ್ಕೇ ತೀರ್ಮಾನ ಮಾಡ್ತಿರಲಿಲ್ಲ. ಗಾಡಿ ಬೇಡ ಅಂದದ್ದು ದೊಡ್ಡತನವೇ ಇರಬಹುದು. ಕೋಣೆಗೆ ಹೋದದ್ದು ಬೆನ್ನು ಚಾಚೋಕೇ ಇರಬಹುದು." ಮೇಡಂ ಶೋಕೇಸಿನತ್ತ ಕೈ ತೋರಿಸಿದರು. "ಆದ್ರೆ ನೀವು ಕಾರು ಹತ್ತೋ ದಿನ ಉಣ್ಣಲ್ಲ. ಅದಕ್ಕೇ ಸೌಟು ಹಿಡೀತೀರಿ. ಆವತ್ತು ಎರಡು ಸಲ ಬಡಿಸ್ಕೊಂಡ್ರಿ. ಕೀಲಿಕೈ ಕಳೆದಿದೆ ಅಂತ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಆವತ್ತು ಪ್ರಯಾಣ ಇಲ್ಲ ಅಂತ ನಿಮಗೊಬ್ಬರಿಗೇ ಹೇಗೆ ಗೊತ್ತಾಯ್ತು?"

ಈ ಸಲ ಸುಮ್ನೆ ಕೇಳ್ದೆ ಎನ್ನಲಿಲ್ಲ.

ಫೋಟೋಗ್ರಾಫರ್ ಕ್ಯಾಮೆರಾದ ಹಿಂದೆಯೇ ನಿಂತಿದ್ದ. ಕಿಂಡಿಯಲ್ಲಿ ಶಾಸಕರ ಮುಖ ಕಾಣುತ್ತಿತ್ತು: ಅವನಿಗೆ ಗೆರೆ ಗೆರೆಯೂ ಗೊತ್ತಿದ್ದ ಮುಖ. ಅದು ಕುಸಿಯುತ್ತದೆಂದು ಕಾದ. ಕುಸಿಯಲಿಲ್ಲ. ದಣಿದಂತಾಯಿತು, ಅಷ್ಟೆ.

"ವಿರುದ್ಧ ಕೈ ಎತ್ತಿದ್ರೆ ಪಕ್ಷ ಬಿಡ್ತಿರಲಿಲ್ಲ. ಪರವಾಗಿ ಎತ್ತಿದ್ರೆ ನೀವು ಬಿಡ್ತಿರಲಿಲ್ಲ," ಎಂದರು ಶಾಸಕರು. ಆಮೇಲೆ ಭಾವನ ಕಡೆ ನೋಡಿ, "ನಿನ್ನನ್ನ ಕೈಬಿಡ್ತಿರಲಿಲ್ಲ ಕಣೋ. ಗಲಾಟೆ ತಣ್ಣಗಾದ ಮೇಲೆ ಮಂಡಳೀಲೇ ಎಲ್ಲಾದ್ರೂ ಕೆಲಸಕ್ಕೆ ಹಚ್ತಿದ್ದೆ," ಎಂದರು.

ಭಾವ ಎದ್ದು ನಿಂತ. ಬೆಂಚು ಕಿರ್ರೆಂದಿತು.

"ನನ್ನನ್ನೇ ಕೇಳಿದ್ರೆ ಆಗ್ತಿತ್ತಲ್ಲ ಸಾಹೇಬ್ರೆ. ನಾನೇ ಬಚ್ಚಿಟ್ಟು, ನಾನೇ ಒಪ್ಕೊಳ್ತಿದ್ದೆ."

ಡಾಕ್ಟರು ನೆಲ ನೋಡಿದರು. ಅಕ್ಕ ಗಂಡನ ತೋಳು ಹಿಡಿದು ಕೂರಿಸಿದಳು.

"ಅದಕ್ಕೇ ಕೇಳ್ಲಿಲ್ಲ ರೀ," ಎಂದಳು, ಮಗುವಿಗೆ ಹೇಳುವಷ್ಟು ಮೆಲ್ಲಗೆ. "ಕೇಳಿದ್ರೆ ನಿಜ ಗೊತ್ತಿರೋನು ಒಬ್ಬ ಉಳೀತಿದ್ನಲ್ಲ."

ಶಾಸಕರು ಎದ್ದರು. ಡಾಕ್ಟರು ಆಗಲೇ ಬಾಗಿಲಲ್ಲಿದ್ದರು. ಅವರ ಹಿಂದೆ ಈ ಮಾತೂ ಬೀದಿಗಿಳಿಯುವುದೆಂದು ಎಲ್ಲರಿಗೂ ಗೊತ್ತಾಗಿತ್ತು. ನಾಳೆ ಶಾಲೆಯಲ್ಲಿ ಕೀಲಿಕೈ ಎಂಬ ಹೆಸರು ಬೇರೆ ಯಾರದೋ ಆಗಲಿತ್ತು. ಪಿ.ಎ. ಕಾರಿನ ಕೀಲಿಕೈಯನ್ನು ಮುಟ್ಟಬಾರದ್ದನ್ನು ಮುಟ್ಟಿದವನಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ಹಿಂದೆ ನಡೆದ.

ಫೋಟೋಗ್ರಾಫರ್ ಗೋಡೆ ನೋಡಿದ. ವರ್ಷಗಳ ಸೌಟುಗಳು. ಬಡಿಸುತ್ತಿದ್ದ ಆ ಕೈಗೆ ಅವನು ಎಷ್ಟು ಸಲ ಬೆಳಕು ಹೊಂದಿಸಿದ್ದ. ಒಂದೊಂದು ಚಿತ್ರವನ್ನೂ ಕ್ಲಿಕ್ಕಿಸುವಾಗ ಕಣ್ಣು ಮಂಜಾಗುತ್ತಿತ್ತು. ಆಗಿನ ಮಂಜು ನಿಜವೇ ಆಗಿತ್ತೆಂದು ಯಾರಿಗೆ ಹೇಳುವುದು.

ಶಾಸಕರು ಶೋಕೇಸಿನ ಮುಂದೆ ನಿಂತರು. ಎಂದಿನ ಸಲಿಗೆಯಿಂದ, ತಿರುಗಿ ನೋಡದೆಯೇ ಹೇಳಿದರು: "ಅದೊಂದನ್ನ ತೆಗೆದುಬಿಡಪ್ಪ."

ಅವರು ಹೇಳಿದ್ದಕ್ಕೆ ಅವನು ಈವರೆಗೆ ಇಲ್ಲವೆಂದಿರಲಿಲ್ಲ. ಅಭ್ಯಾಸದಂತೆ ಶೋಕೇಸಿನವರೆಗೆ ಹೋದ, ಚೌಕಟ್ಟಿಗೆ ಕೈ ಹಾಕಿದ. ಅದು ಸ್ವಲ್ಪ ವಾಲಿತ್ತು. ನೆಟ್ಟಗೆ ಮಾಡಿ ಕೈ ತೆಗೆದ.

"ಚೆನ್ನಾಗಿ ಬಂದಿದೆ ಸಾಹೇಬ್ರೆ," ಎಂದ. "ಇರ್ಲಿ."